ಪರೀಕ್ಷೆ, ಅಂಕ, ವರದಿ: ಕೊಳ್ಳೇಗಾಲ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

‘ಪರೀಕ್ಷೆ’ ಎಂಬ ಶಬ್ದವು ‘ಪರಿ’ ಎಂಬ ಉಪಸರ್ಗವೂ ‘ಈಕ್ಷ್’ ಎಂಬ ಧಾತುವೂ ಕೂಡಿ ಆದುದು. ಸುತ್ತಲೂ ನೋಡುವುದು ಎಂಬುದು ಅದರ ಅವಯವಾರ್ಥ. ಒಂದು ವಸ್ತುವನ್ನು ಒಂದೇ ಕಡೆಯಿಂದ ನೋಡಿ ನಿರ್ಣಯ ಹೇಳಿದರೆ ಅದು ಈಕ್ಷೆಯಾದೀತೇ ಹೊರತು ಪರೀಕ್ಷೆಯಾಗಲಾರದು. ಇತ್ತೀಚಿನ ವಿದ್ಯಾಭ್ಯಾಸ ಗ್ರಂಥಗಳಲ್ಲಿ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ ಎಂಬ ನೀಳವಾದ ಹೆಸರು ಬಳಕೆಗೆ ಬಂದಿದೆ. ಅದರಲ್ಲಿ ‘ವ್ಯಾಪಕ’ ಎಂಬ ವಿಶೇಷಣವು ಹೇಳುವ ಅರ್ಥವನ್ನು ಹಳೆಯ ಮಾತಿನಲ್ಲಿ ಎರಡಕ್ಷರದ ಉಪಸರ್ಗವೊಂದೇ ಹೇಳುತ್ತಿದ್ದಿತು. ಶಬ್ದವು ಸವೆದುಹೋದುದರಿಂದ ವಿಶೇಷಣವು ಬೇಕಾಯಿತು. ಅದು ಸವೆದುದು ಹೇಗೆ, ವಿದ್ಯಾರ್ಥಿಯ ಕಲಿಕೆಯನ್ನು ಅಳೆದು ಇನ್ನೊಬ್ಬರಿಗೆ ತಿಳಿಸುವ ಪದ್ಧತಿಯು ಕನ್ನಡನಾಡಿನ ಒಂದು ಮೂಲೆಯಲ್ಲಿ ಎಂತಹ ಮಾರ್ಪಾಟುಗಳನ್ನು ಪಡೆಯಿತು, ಇದರಲ್ಲಿ ಮಕ್ಕಳಿಗೆ ಆದ ಲಾಭನಷ್ಟಗಳೇನು ಎಂಬುದೇ ಪ್ರಕೃತ ವಿಷಯ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆಯೆಂಬ ಊರಿದೆ. ಈ ಸೀಮೆಯನ್ನು ವಿಚಾರಕ್ಕೆ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲವು ಮದರಾಸಿನ ಆಡಳಿತಕ್ಕೆ ಸೇರಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ, 1956ರ ನವೆಂಬರ್ 1ರವರೆಗೂ ಹಾಗೆಯೇ ಇದ್ದಿತು. ಕೆಲವೇ ಹರಿದಾರಿ ದೂರದ ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತು, ಮೈಸೂರು ಸಂಸ್ಥಾನದ ಒಳಗೇ ಉಳಿಯಿತು. ಹೀಗಾಗಿ ಒಂದೇ ಆಡುಮಾತನ್ನು ಆಡುವ, ಒಂದೇ ಜಾತ್ರೆಗೆ ಹೋಗುವ ಮಕ್ಕಳು ಒಂದೂವರೆ ಶತಮಾನ ಕಾಲ ಎರಡು ಸರ್ಕಾರಗಳ ಪರೀಕ್ಷೆಗಳಿಗೆ ಉತ್ತರ ಹೇಳಿದರು. ಅನಂತರ ಎರಡೂ ಕಡೆಯವರು ಮೈಸೂರು ಜಿಲ್ಲೆಗೂ, 1997ರಿಂದ ಚಾಮರಾಜನಗರ ಜಿಲ್ಲೆಗೂ ಸೇರಿ ಒಂದೇ ಇಲಾಖೆಯ ಕೆಳಗೆ ಬಂದರು. ಪರೀಕ್ಷಾಪದ್ಧತಿಯು ಮಗುವಿನ ಸ್ವಭಾವದಿಂದ ಹುಟ್ಟಿದುದೋ ಆಳುವವರ ಅವಶ್ಯಕತೆಯಿಂದ ಹುಟ್ಟಿದುದೋ ಎಂಬ ಪ್ರಶ್ನೆಗೆ ಇಂತಹ ಗಡಿನಾಡೇ ಒಳ್ಳೆಯ ಸಾಕ್ಷಿ.

ಆದರೆ ಸರ್ಕಾರಗಳ ಕಥೆಗೆ ಮೊದಲು ಶಾಸ್ತ್ರದ ಮಾತೊಂದನ್ನು ನೋಡತಕ್ಕದ್ದಿದೆ. ವಿದ್ಯಾರ್ಥಿಗೆ ಅಂಕ ಕೊಡುವ ಪದ್ಧತಿ ಪಾಶ್ಚಾತ್ಯರಿಂದ ಬಂದುದೆಂದು ಸಾಮಾನ್ಯವಾಗಿ ಹೇಳುವರು. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಅಧ್ಯಯನದಲ್ಲಿ ನಡೆದ ತಪ್ಪನ್ನು ಕುರಿತ ಎರಡು ಸೂತ್ರಗಳು (63, 64) ಇವೆ. ಪಾಠವನ್ನು ಒಪ್ಪಿಸುವಾಗ ಒಂದು ಕಡೆ ಪಾಠವು ‘ಅನ್ಯ’ವಾದರೆ, ಎಂದರೆ ಇರಬೇಕಾದುದಕ್ಕಿಂತ ಬೇರೆಯಾದರೆ, ಅಂತಹ ವಿದ್ಯಾರ್ಥಿಯು ‘ಐಕಾನ್ಯಿಕ’ನು. ಹನ್ನೆರಡು ಕಡೆ ಎಡವಿದವನು ‘ದ್ವಾದಶಾನ್ಯಿಕ’ನು. ಕಾಶಿಕಾವೃತ್ತಿಕಾರರು ಇದನ್ನು ಪರೀಕ್ಷಾಕಾಲದ ಸ್ಖಲಿತವೆಂದೇ ವಿವರಿಸಿ, ಉದಾಹರಣೆಯನ್ನು ಹದಿನಾಲ್ಕು ತಪ್ಪಿನವರೆಗೂ ಬೆಳೆಸಿದ್ದಾರೆ. ಪೂರ್ವಪದದಲ್ಲಿ ಸ್ವರಗಳು ಹೆಚ್ಚಾಗಿದ್ದರೆ ಪ್ರತ್ಯಯವೇ ಬೇರೆ ಎಂದು ಹೇಳುವುದಕ್ಕಾಗಿ ಪಾಣಿನಿಯು ಒಂದು ಪ್ರತ್ಯೇಕ ಸೂತ್ರವನ್ನು ವೆಚ್ಚಮಾಡಿರುವನು. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವವರೆಂದು ಹೆಸರಾದ ವೈಯಾಕರಣರ ಪಂಗಡದವನು ಹೀಗೆ ಮಾಡಿದನೆಂದರೆ, ಹನ್ನೆರಡು ಹದಿಮೂರು ತಪ್ಪುಗಳ ಎಣಿಕೆ ಗುರುಕುಲಗಳಲ್ಲಿ ದಿನನಿತ್ಯದ ಮಾತಾಗಿದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಈ ಎಣಿಕೆಯಲ್ಲಿ ಎರಡು ವಿಶೇಷಗಳಿವೆ. ತಪ್ಪಿದವನಿಗೆ ಈ ಸೂತ್ರಗಳಲ್ಲಿ ಹೆಸರುಂಟು, ತಪ್ಪದವನಿಗೆ ಹೆಸರಿಲ್ಲ. ಹಾಗೆಯೇ ಐಕಾನ್ಯಿಕನೆಂಬುದು ಯಾರಿಗೆ ತಿಳಿಯಬೇಕಾದ ಸಂಗತಿ? ಪಾಠ ಹೇಳಿದ ಗುರುವಿಗೆ, ಪಾಠ ಒಪ್ಪಿಸಿದ ಶಿಷ್ಯನಿಗೆ, ಜೊತೆಯಲ್ಲಿ ಕುಳಿತ ಸಹಪಾಠಿಗಳಿಗೆ. ಯಾವ ಋಕ್ಕಿನಲ್ಲಿ ಯಾವ ಸ್ವರ ತಪ್ಪಿತೆಂಬುದು ಕೇಳಿದವರೆಲ್ಲರಿಗೂ ಗೊತ್ತು. ಆದುದರಿಂದ ಎಣಿಕೆಯು ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕೆಂಬುದನ್ನು ತೋರಿಸುತ್ತಿದ್ದಿತು. ನೂರಕ್ಕೆ ನಲವತ್ತು ಎಂಬ ಈಗಿನ ಅಂಕವು ಹಾಗಲ್ಲ. ಉಳಿದ ಅರವತ್ತು ಎಲ್ಲಿ ಹೋಯಿತೆಂಬುದು ಅದರಲ್ಲಿ ಕಾಣದು. ‘ಅಂಕ’ ಎಂಬ ಶಬ್ದಕ್ಕೆ ಗುರುತು, ಕಲೆ ಎಂಬ ಅರ್ಥವುಂಟೆಂಬುದು ಶಶಾಂಕನ ಹೆಸರಿನಿಂದಲೇ ತಿಳಿದಿದೆ. ಹಳಗನ್ನಡದಲ್ಲಿ ಅದಕ್ಕೆ ಕಾಳಗವೆಂಬ ಅರ್ಥವೂ ಇದ್ದು, ಅಂಕಕಾರನೆಂದರೆ ಪಂದ್ಯಕ್ಕೆ ನಿಂತು ಕಾದುವವನು. ಈಗಿನ ಅಂಕಪಟ್ಟಿಯು ಗುರುತಿಗಿಂತ ಕಾಳಗಕ್ಕೇ ಹತ್ತಿರವಾಗಿದೆ ಎಂದರೆ ಉಪಾಧ್ಯಾಯರು ಮುನಿಯಲಾರರು.

ಪಾಣಿನೀಯಶಿಕ್ಷೆಯಲ್ಲಿ ಅಧಮ ಪಾಠಕರ ಆರು ಲಕ್ಷಣಗಳೂ, ಅವುಗಳಿಗೆ ಎದುರಾಗಿ ಪಾಠದ ಆರು ಗುಣಗಳೂ ಹೇಳಲ್ಪಟ್ಟಿವೆ. ಅವಸರದಿಂದ ಓದುವುದು, ತಲೆಯಲ್ಲಾಡಿಸುವುದು ಮೊದಲಾದ ಹೊರಗಿನ ದೋಷಗಳ ನಡುವೆಯೇ ಅರ್ಥವರಿಯದೆ ಓದುವ ದೋಷವನ್ನೂ ಶಿಕ್ಷಾಕಾರನು ಎಣಿಸಿರುವನು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಬಾಯಿಪಾಠವನ್ನು ಹಿಡಿದುನಿಂತ ಪರಂಪರೆಯೇ ಅರ್ಥಶೂನ್ಯವಾದ ಬಾಯಿಪಾಠವನ್ನು ಅಧಮವೆಂದು ಕರೆದುದು ಸಣ್ಣ ಮಾತಲ್ಲ. ಇನ್ನೊಂದು ಚುಚ್ಚುಮಾತು ವ್ಯಾಕರಣದ ಉದಾಹರಣೆಗಳಲ್ಲಿದೆ. ಅನ್ನಕ್ಕಾಗಿ ಪಾಣಿನೀಯವನ್ನು ಓದುವವರನ್ನು ‘ಓದನಪಾಣಿನೀಯ’ರೆಂದು ಹಾಸ್ಯಮಾಡಿರುವರು. ಓದಿದ್ದಕ್ಕೆ ಅನ್ನ ಸಿಕ್ಕುವುದು ತಪ್ಪಲ್ಲ. ಅನ್ನ ಸಿಕ್ಕುವಷ್ಟನ್ನೇ ಓದುವುದು ತಪ್ಪು. ಈ ಭೇದವು ಮುಂದೆ ಉಪಯೋಗಕ್ಕೆ ಬರುತ್ತದೆ.

ಶಾಸ್ತ್ರಪಾಠಶಾಲೆಗಳ ಮಾತು ಹಾಗಿರಲಿ. ಊರಿನ ಸಾಮಾನ್ಯ ಮಕ್ಕಳು ಓದುತ್ತಿದ್ದುದು ಐಗಳ ಮಠಗಳಲ್ಲಿ, ಕೂಲಿಮಠಗಳಲ್ಲಿ, ಇಲ್ಲವೆ ಯಾರಾದರೊಬ್ಬರ ಮನೆಯ ಜಗುಲಿಯ ಮೇಲೆ. ಇವುಗಳ ವಿಷಯದಲ್ಲಿ ದೊರೆಯುವ ಅತ್ಯಂತ ಉಪಯುಕ್ತವಾದ ವರ್ಣನೆಯನ್ನು ಬರೆದವನು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದನು. ಅದಕ್ಕೆ 1823ರ ಆಗಸ್ಟಿನಲ್ಲಿ ಕ್ಯಾಂಪ್‌ಬೆಲ್ಲನು ಕಳುಹಿಸಿದ ಉತ್ತರದಲ್ಲಿ ಬಳ್ಳಾರಿ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಅವುಗಳಲ್ಲಿ ಕನ್ನಡ ಕಲಿಸುವ ಶಾಲೆಗಳು 235. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು; ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ; ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಕೊನೆಗೆ ಬಂದವನ ಅಂಗೈಯ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ. ಇದು ವಿದ್ಯೆಯ ಪರೀಕ್ಷೆಯಲ್ಲ, ಹೊತ್ತಿನ ಪರೀಕ್ಷೆ. ವಿದ್ಯೆಯ ಪರೀಕ್ಷೆ ಬೇರೆಯಾಗಿ ನಡೆಯುತ್ತಿದ್ದಿತು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳು. ವಯಸ್ಸನ್ನಾಗಲಿ ವರ್ಷವನ್ನಾಗಲಿ ನೋಡದೆ, ಕಲಿತಷ್ಟಕ್ಕೆ ತಕ್ಕಂತೆ ಹುಡುಗನು ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದನು. ಕೆಳಗಿನ ವರ್ಗಗಳನ್ನು ಮುಂದಿನ ಹುಡುಗರು ನೋಡಿಕೊಳ್ಳುವರು. ಮೇಲಿನ ವರ್ಗಗಳನ್ನು ಉಪಾಧ್ಯಾಯನೇ ನೋಡುವನು, ಎಲ್ಲರ ಮೇಲೂ ಅವನ ಕಣ್ಣಿರುವುದು. ಕಲಿಸುವ ಹುಡುಗನು ಕಲಿಸುತ್ತ ತನ್ನ ಪಾಠವನ್ನೂ ಗಟ್ಟಿಮಾಡಿಕೊಳ್ಳುವನು. ಮದರಾಸಿನ ಅನಾಥಾಲಯದಲ್ಲಿ ಇದನ್ನು ಪ್ರಯೋಗಿಸಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಇಂಗ್ಲೆಂಡಿಗೂ ಇದನ್ನು ಒಯ್ದನು. ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು.

ಕ್ಯಾಂಪ್‌ಬೆಲ್ಲನು ಕೇವಲ ಹೊಗಳಿ ಬಿಟ್ಟವನಲ್ಲ. ಆಡುಮಾತಿಗಿಂತ ಬೇರೆಯಾದ ಕಾವ್ಯಭಾಷೆಯ ಪುಸ್ತಕಗಳನ್ನು ಹುಡುಗರು ಅರ್ಥ ತಿಳಿಯದೆ ಒಪ್ಪಿಸುವರೆಂದೂ, ಎಷ್ಟೋ ವೇಳೆ ಉಪಾಧ್ಯಾಯರಿಗೇ ಅದರ ಅರ್ಥ ತಿಳಿಯದೆಂದೂ ಆತನು ಆಕ್ಷೇಪಿಸಿದ್ದಾನೆ. ಇದು ಪಾಣಿನೀಯಶಿಕ್ಷೆಯು ಮೊದಲೇ ಎಣಿಸಿದ ದೋಷವೇ. ಆಕ್ಷೇಪ ನ್ಯಾಯವಾದುದು, ಹಳೆಯ ಮಠಗಳನ್ನು ಹೊಗಳುವ ಭರದಲ್ಲಿ ಇದನ್ನು ಮರೆಮಾಚುವುದು ವಿದ್ವಾಂಸರಿಗೆ ತಕ್ಕುದಲ್ಲ.

ಕೊಳ್ಳೇಗಾಲವನ್ನೊಳಗೊಂಡ ಕೊಯಮತ್ತೂರು ಜಿಲ್ಲೆಯಿಂದಲೂ ಉತ್ತರ ಹೋಯಿತು. ಅಲ್ಲಿಯ ಕಲೆಕ್ಟರ್ ಸಲಿವನ್ನನು 1822ರ ನವೆಂಬರಿನಲ್ಲಿ ಕಳುಹಿಸಿದ ಲೆಕ್ಕದಂತೆ ಶಾಲೆಗಳು 763, ವಿದ್ಯಾರ್ಥಿಗಳು 8,206. ಇವರಲ್ಲಿ ಹೆಣ್ಣುಮಕ್ಕಳು 82 ಮಾತ್ರ. ಮನ್ರೋ ಕಳುಹಿಸಿದ ನಮೂನೆಯಲ್ಲಿ ಜಾತಿವಾರು ಸಂಖ್ಯೆಗೆ ಕಲಮುಗಳಿದ್ದುವು. ಓದುವ ಪುಸ್ತಕಗಳು ಯಾವುವು, ಎಷ್ಟು ಕಾಲ ಓದುವರು, ತಿಂಗಳಿಗೆ ಎಷ್ಟು ಕೊಡುವರು ಎಂಬ ಪ್ರಶ್ನೆಗಳೂ ಇದ್ದುವು. ಹುಡುಗರು ಏನನ್ನು ಬಲ್ಲರು ಎಂಬುದಕ್ಕೆ ಮಾತ್ರ ಕಲಮಿರಲಿಲ್ಲ. ಇದು ಮನ್ರೋವಿನ ಅನಾಸ್ಥೆಯಲ್ಲ. ಆ ಸಂಗತಿಯು ಆಗ ಸರ್ಕಾರಕ್ಕೆ ಸಂಬಂಧಪಟ್ಟುದೇ ಆಗಿರಲಿಲ್ಲ. ಐಗಳಿಗೆ ಕೂಲಿ ಕೊಡುತ್ತಿದ್ದವರು ತಾಯಿತಂದೆಗಳು. ಮಗನು ಪತ್ರ ಓದಬಲ್ಲನೋ, ಲೆಕ್ಕ ನೋಡಬಲ್ಲನೋ ಎಂಬುದನ್ನು ಅವರು ಮನೆಯಲ್ಲಿಯೇ ಕಂಡುಕೊಳ್ಳುತ್ತಿದ್ದರು.

ಇಲ್ಲಿ ಒಂದು ಶಬ್ದದ ಚರಿತ್ರೆಯು ಇಡೀ ವಿಷಯವನ್ನೇ ಬೆಳಗುತ್ತದೆ. ಆ ಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಆಮೇಲೆ ಹಲಗೆಯ ಮೇಲೋ ಕಡತದ ಮೇಲೋ ಬಳಪದಿಂದ ಬರೆಯುತ್ತಿದ್ದರು. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಬಿರುಸುಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲಪುಡಿಯನ್ನೂ ಅಂಟನ್ನೂ ಬಳಿದು ಕಪ್ಪುಮಾಡಿದ ವಸ್ತು. ಒದ್ದೆಯ ಬಟ್ಟೆಯಿಂದ ಒರಸಿದರೆ ಬರೆದುದು ಹೋಗುವುದು. ಇಂದು ಬರೆದ ತಪ್ಪು ನಾಳೆಗೆ ಉಳಿಯದು. ವರ್ತಕರೂ ಮಠಗಳವರೂ ಲೆಕ್ಕಪತ್ರಗಳನ್ನು ಇಡುವುದಕ್ಕೆ ಇದನ್ನೇ ಉಪಯೋಗಿಸಿದರು. ಅಲ್ಲಿಂದ ಅರ್ಥವು ಜಾರುತ್ತ ಜಾರುತ್ತ ಈಗ ಕಡತವೆಂದರೆ ಕಚೇರಿಯ ಬೀರುವಿನಲ್ಲಿ ಕಟ್ಟಿ ಇಟ್ಟ ಕಾಗದಗಳ ಕಟ್ಟು; ಅದರಲ್ಲಿರುವ ಒಂದಕ್ಷರವನ್ನೂ ಅಳಿಸುವಂತಿಲ್ಲ. ಮಗುವಿನ ಕಲಿಕೆಯ ಗುರುತೂ ಇದೇ ದಾರಿಯನ್ನು ಹಿಡಿಯಿತು. ಒರಸಿ ಮತ್ತೆ ಬರೆಯಬಹುದಾದ ಕಡತದಿಂದ ಅಳಿಸಬಾರದ ಕಡತಕ್ಕೆ ಅದು ಏರಿತು.

ಏರಿಸಿದವರು ಹಣ ಕೊಡುವವರು. 1854ರ ವುಡ್ ನಿರೂಪದ ಮೇಲೆ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ದೊರೆಯತೊಡಗಿತು. ಕೊಟ್ಟ ಹಣಕ್ಕೆ ಲೆಕ್ಕ ಬೇಕು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ಒಂದು ನಿಬಂಧನೆಯನ್ನು ತಂದನು: ಇನ್‌ಸ್ಪೆಕ್ಟರನು ವರ್ಷಕ್ಕೊಮ್ಮೆ ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುವುದು, ತೇರ್ಗಡೆಯಾದ ಮಗುವೊಂದಕ್ಕೆ ಇಷ್ಟೆಂದು ಶಾಲೆಗೆ ಹಣ ಕೊಡುವುದು. ಆ ದಶಕದಲ್ಲಿಯೇ ಮದರಾಸು ಆಧಿಪತ್ಯವೂ ಈ ‘ಫಲಾನುಸಾರಿ’ ಸಹಾಯಧನವನ್ನು ಅಂಗೀಕರಿಸಿ, ಹಳ್ಳಿಯ ಜಗುಲಿ ಶಾಲೆಗಳವರೆಗೂ ಅದನ್ನು ಹರಡಿತು. ಕೊಳ್ಳೇಗಾಲ ತಾಲ್ಲೂಕು ಅದೇ ಆಡಳಿತದಲ್ಲಿದ್ದುದರಿಂದ ಈ ಸೀಮೆಯ ಐಗಳ ಜೀವನವೂ ಅದರ ಮರ್ಜಿಗೆ ಬಿದ್ದಿತು.

ಈ ಏರ್ಪಾಟಿಗೆ ಒಳ್ಳೆಯ ಮುಖವೂ ಇದ್ದಿತು. ಹಳ್ಳಿಯ ಉಪಾಧ್ಯಾಯನು ತನ್ನ ಜಗುಲಿಯನ್ನು ಬಿಡದೆ ಸರ್ಕಾರದ ನಾಲ್ಕು ಕಾಸನ್ನು ಕಾಣುವಂತಾಯಿತು. ಮುದ್ರಿತ ಪುಸ್ತಕವು ಹಳ್ಳಿಗೆ ಬಂದಿತು. ಆದರೆ ಮಗುವಿನ ಒಂದೊಂದು ಉತ್ತರವೂ ಉಪಾಧ್ಯಾಯನ ಅನ್ನದ ತುತ್ತಾದಾಗ ಆಗುವುದೇನು? ಪರೀಕ್ಷೆಗೆ ಗೊತ್ತುಮಾಡಿದ ಪುಸ್ತಕವನ್ನು ಬಿಟ್ಟು ಉಳಿದುದೆಲ್ಲ ಕಾಲಹರಣವಾಗುವುದು. ತಾನೇ ಮುಂದೆ ಹೋಗುವ ಜಾಣನ ಮೇಲೂ, ಹೇಗೂ ತೇರ್ಗಡೆಯಾಗದ ದಡ್ಡನ ಮೇಲೂ ವ್ಯಯಮಾಡಿದ ಹೊತ್ತಿಗೆ ಹಣ ಹುಟ್ಟದು. ಅಂಚಿನಲ್ಲಿ ನಿಂತ ಹುಡುಗನ ಮೇಲೆಯೇ ಬೆತ್ತದ ಕೃಪೆಯೆಲ್ಲ ಇಳಿಯುವುದು. ಓದನಪಾಣಿನೀಯನನ್ನು ವೈಯಾಕರಣರು ಹಾಸ್ಯಮಾಡಿದ್ದರು. ಈ ನಿಬಂಧನೆಯಾದರೋ ಶಿಷ್ಯನನ್ನು ಬಿಟ್ಟು ಗುರುವನ್ನೇ ಓದನಪಾಣಿನೀಯನನ್ನಾಗಿ ಮಾಡಿತು. ಇಂಗ್ಲೆಂಡಿನಲ್ಲಿ ಶಾಲಾ ಇನ್‌ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡನು ತನ್ನ ವರದಿಗಳಲ್ಲಿ ಈ ಪದ್ಧತಿಯಿಂದ ಪಾಠವು ಯಾಂತ್ರಿಕವಾಗುವುದೆಂದು ವರ್ಷವರ್ಷವೂ ದೂರಿದನು. ಆದರೂ 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಿಗೆ ಅದೇ ತಕ್ಕುದೆಂದಿತು. 1904ರಲ್ಲಿ ಕರ್ಜನ್ನನ ಸರ್ಕಾರವು ಅದನ್ನು ಖಂಡಿಸಿದ ಮೇಲೆ, 1906ರ ಹೊತ್ತಿಗೆ ಅದು ಈ ದೇಶದಿಂದ ತೊಲಗಿತು.

ನಿಬಂಧನೆ ತೊಲಗಿತು, ಅದು ಬಿಟ್ಟುಹೋದ ಅಭ್ಯಾಸಗಳು ತೊಲಗಲಿಲ್ಲ. ವರದಿಯು ಮೇಲಕ್ಕೆ ಹೋಗತಕ್ಕುದು, ಮಗುವಿನ ಕಡೆಗೆ ತಿರುಗತಕ್ಕುದಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದುದು. ಯಳಂದೂರಿನ ಕಡೆ, ಮೈಸೂರು ಸಂಸ್ಥಾನದಲ್ಲಿ, ಬಿ. ಎಲ್. ರೈಸ್ 1868ರಲ್ಲಿ ಆರಂಭಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಊರಿನ ಮಠಗಳು ಕ್ರಮವಾಗಿ ಸರ್ಕಾರಿ ಶಾಲೆಗಳಾಗಿ ಮಾರ್ಪಟ್ಟುವು. ದಾರಿ ಬೇರೆಯಾದರೂ ಸೇರಿದ ಊರು ಒಂದೇ. ಮದರಾಸಿನಲ್ಲಿ 1910ರ ಸುಮಾರಿಗೆ ಮೆಟ್ರಿಕ್ಯುಲೇಷನ್ನಿಗೆ ಬದಲಾಗಿ ಎಸ್.ಎಸ್.ಎಲ್.ಸಿ. ಎಂಬ ಯೋಗ್ಯತಾಪತ್ರವು ಬಂದಾಗ ಒಂದು ಒಳ್ಳೆಯ ವಿಚಾರವು ಅದರಲ್ಲಿದ್ದಿತು: ಬಹಿರಂಗ ಪರೀಕ್ಷೆಯ ಅಂಕಗಳ ಪಕ್ಕದಲ್ಲಿಯೇ ಶಾಲೆಯಲ್ಲಿ ವಿದ್ಯಾರ್ಥಿಯು ಪಡೆದ ಅಂಕಗಳೂ ದಾಖಲಾಗಿ, ಎರಡನ್ನೂ ನೋಡಿ ಅವನ ಯೋಗ್ಯತೆಯನ್ನು ತಿಳಿಯಬೇಕೆಂಬುದು. ಹೆಸರೇ ಹೇಳುವಂತೆ ಅದು ಶಾಲೆಯನ್ನು ಬಿಡುವವನಿಗೆ ಶಾಲೆಯು ಕೊಡುವ ಪತ್ರ. ಕಾಲಕ್ರಮದಲ್ಲಿ ಹೊರಗಿನ ಪರೀಕ್ಷೆಯೇ ಪ್ರಬಲವಾಗಿ ಶಾಲೆಯ ಮಾತು ಅಡಗಿತು. ಕರ್ನಾಟಕದಲ್ಲಿ 2014-15ರಿಂದ ಹತ್ತನೆಯ ತರಗತಿಯಲ್ಲಿ ನೂರಕ್ಕೆ ಇಪ್ಪತ್ತರಂತೆ ಆಂತರಿಕ ಅಂಕಗಳನ್ನು ಕೊಡುವ ಅಧಿಕಾರವನ್ನು ಶಾಲೆಗೆ ಕೊಟ್ಟುದು ಆ ಹಳೆಯ ವಿಚಾರದ ಪುನರುಜ್ಜೀವನವೆನ್ನಬಹುದು. ಆದರೆ ಈ ಇಪ್ಪತ್ತನ್ನು ಉದಾರಹಸ್ತದಿಂದ ಹಂಚುವುದು ಉಪಾಧ್ಯಾಯವರ್ಗದಲ್ಲಿ ಬಹಿರಂಗ ರಹಸ್ಯ. ಎಲ್ಲರಿಗೂ ಹತ್ತೊಂಬತ್ತೋ ಇಪ್ಪತ್ತೋ ಬಂದ ಮೇಲೆ ಆ ಅಂಕವು ಯಾವ ವಿದ್ಯಾರ್ಥಿಯ ವಿಷಯವಾಗಿಯೂ ಏನನ್ನೂ ಹೇಳದು. ಇದಕ್ಕೆ ಉಪಾಧ್ಯಾಯರನ್ನೇ ದೂರುವುದು ಅನ್ಯಾಯ. ಫಲಿತಾಂಶದ ದಿನ ಜಿಲ್ಲೆಗಳನ್ನು ಶೇಕಡಾವಾರು ಸಾಲುನಿಲ್ಲಿಸಿ, ಹಿಂದೆ ಬಿದ್ದ ಶಾಲೆಗೆ ನೋಟೀಸು ಹೋಗುವ ಕಾಲದಲ್ಲಿ, ಸತ್ಯವಾದ ಅಂಕವನ್ನು ಕೊಡುವ ಧೈರ್ಯಕ್ಕೆ ಯಾರೂ ಸಂಬಳ ಕೊಡುವುದಿಲ್ಲ. 1862ರ ನಿಬಂಧನೆಯು ಹಣವನ್ನು ತೋರಿಸಿ ಮಾಡಿದ ಕೆಲಸವನ್ನು ಈಗ ಮಾನವನ್ನು ತೋರಿಸಿ ಮಾಡಲಾಗುತ್ತಿದೆ.

2009ರ ಶಿಕ್ಷಣದ ಹಕ್ಕಿನ ಕಾಯಿದೆಯು 2010ರ ಏಪ್ರಿಲಿನಿಂದ ಜಾರಿಗೆ ಬಂದು, ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಬಾರದೆಂದೂ, ಬೋರ್ಡು ಪರೀಕ್ಷೆ ಇರಬಾರದೆಂದೂ, ಮಗುವಿನ ತಿಳಿವನ್ನು ನಿರಂತರವಾಗಿಯೂ ವ್ಯಾಪಕವಾಗಿಯೂ ನೋಡಬೇಕೆಂದೂ ವಿಧಿಸಿತು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಕರ್ನಾಟಕದ ಶಾಲೆಗಳಲ್ಲಿ ರೂಢಿಗೆ ಬಂದುವು. ರೂಪಣಾತ್ಮಕವೆಂದರೆ ಕಲಿಯುತ್ತಿರುವಾಗ ನೋಡಿ ತಿದ್ದುವುದು, ಐಕಾನ್ಯಿಕನ ಎಣಿಕೆಯ ಜಾತಿಯದು. ಸಂಕಲನಾತ್ಮಕವೆಂದರೆ ಕೊನೆಗೆ ಕೂಡಿ ಮೊತ್ತ ಹೇಳುವುದು. ಭೇದವು ಶಾಸ್ತ್ರೀಯವಾಗಿ ಸರಿ. ಆಚರಣೆಯಲ್ಲಿ ಮಾತ್ರ ಎರಡೂ ಒಂದೇ ವಹಿಯ ಅಕ್ಕಪಕ್ಕದ ಕಲಮುಗಳಾದುವು. ಮಗುವನ್ನು ಗಮನಿಸುವುದಕ್ಕೆಂದು ಹುಟ್ಟಿದ ವಹಿಯನ್ನು ತುಂಬುವುದರಲ್ಲಿಯೇ ಉಪಾಧ್ಯಾಯನ ಹೊತ್ತು ಮುಗಿದು, ಮಗುವನ್ನು ಗಮನಿಸಲು ಹೊತ್ತಿಲ್ಲವಾಯಿತು. ಈ ನಡುವೆ ಮಕ್ಕಳು ಏನನ್ನೂ ಕಲಿಯದೆ ಮೇಲೇರುವರೆಂಬ ಕೂಗೆದ್ದು, 2019ರಲ್ಲಿ ಕಾಯಿದೆಯು ತಿದ್ದುಪಡಿಯಾಗಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಲು ಅವಕಾಶವಾಯಿತು. ಕರ್ನಾಟಕ ಸರ್ಕಾರವು ಬೋರ್ಡಿನ ಮಟ್ಟದಲ್ಲಿ ಇವುಗಳನ್ನು ನಡೆಸಹೊರಟಾಗ 2023ರಲ್ಲಿಯೂ 2024ರಲ್ಲಿಯೂ ವ್ಯಾಜ್ಯವು ಉಚ್ಚ ನ್ಯಾಯಾಲಯದಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಾಡಿ, 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶದ ಪ್ರಕಟಣೆಗೆ ತಡೆಯನ್ನು ವಿಧಿಸಿತು. ಪರೀಕ್ಷೆ ಬೇಕೋ ಬೇಡವೋ ಎಂದು ವಕೀಲರು ವಾದಿಸಿದರು. 2005ರಿಂದ ‘ಅಸರ್’ ಎಂಬ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೇ ಹೋಗಿ ಮಗುವೊಂದರ ಪಕ್ಕದಲ್ಲಿ ಕುಳಿತು, ಅಕ್ಷರ, ಪದ, ವಾಕ್ಯಗುಚ್ಛ, ಕಥೆ ಎಂಬ ಮೆಟ್ಟಿಲುಗಳಲ್ಲಿ ಓದಿಸಿ ನೋಡುತ್ತ ಬಂದಿರುವರು. ಮೇಲಿನ ತರಗತಿಯ ಎಷ್ಟೋ ಮಕ್ಕಳಿಗೆ ಎರಡನೆಯ ತರಗತಿಯ ಕಥೆಯನ್ನು ಓದಲಾಗದೆಂಬುದು ಆ ವರದಿಗಳಿಂದ ಹೊರಬಿದ್ದಿತು. ಗಟ್ಟಿಯಾಗಿ ಓದಿಸಿ ಕಿವಿಯಿಂದ ಕೇಳುವ ಅತಿ ಹಳೆಯ ಪರೀಕ್ಷೆಯೇ ವಹಿಗಳು ಹೇಳದಿದ್ದುದನ್ನು ಹೇಳಿತು.

ಕಡತದ ಗುಣವನ್ನು ಈಗಲೂ ಸ್ವಲ್ಪಮಟ್ಟಿಗೆ ಉಳಿಸಿಕೊಂಡಿರುವುದು ‘ನಲಿ-ಕಲಿ’ ಪದ್ಧತಿ. ರಿಷಿ ವ್ಯಾಲಿಯ ಮಾದರಿಯನ್ನು ನೋಡಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಇದನ್ನು ಆರಂಭಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಇದು ವಿಸ್ತರಿಸಿತು. ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ಗೋಡೆಯ ಮೇಲಿನ ಕಲಿಕಾ ಏಣಿಯನ್ನು ತಮ್ಮತಮ್ಮ ವೇಗದಲ್ಲಿ ಹತ್ತುವರು. ಒಂದು ಗುಂಪು ಉಪಾಧ್ಯಾಯನ ನೆರವಿನಿಂದ, ಒಂದು ಗುಂಪು ಸಹಪಾಠಿಗಳ ನೆರವಿನಿಂದ, ಇನ್ನೊಂದು ತಾನಾಗಿಯೇ ಕಲಿಯುವುದು. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೆಂಬುದು ‘ಪ್ರಗತಿನೋಟ’ದಲ್ಲಿ ಕಾಣುವುದು. 1823ರ ಬಳ್ಳಾರಿಯ ವರದಿಯನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ತೋರದು: ಕಲಿತಷ್ಟಕ್ಕೆ ಏರುವ ವರ್ಗ, ಕಲಿಸುತ್ತ ಕಲಿಯುವ ಹುಡುಗ, ಎಲ್ಲರ ಮೇಲೂ ಕಣ್ಣಿಟ್ಟ ಐಗಳು. ಬೆತ್ತವೊಂದು ಇಲ್ಲ, ಅದು ಲಾಭವೇ.

ಇನ್ನು ಭಾಷಾಧ್ಯಾಪಕರಿಗೆ ನೇರವಾಗಿ ಸಂಬಂಧಪಟ್ಟ ಒಂದು ಅಂಶ. ಕಾಮಗೆರೆಯ ಸುತ್ತಿನ ಮಗುವೊಂದು ಉಕ್ತಲೇಖನದಲ್ಲಿ ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯಿತೆಂದಿಟ್ಟುಕೊಂಡರೆ, ಅಂಕ ಹಾಕುವವನು ಕೆಂಪುಮಸಿಯಲ್ಲಿ ಒಂದು ತಪ್ಪನ್ನು ಎಣಿಸುವನು. ಆ ಮಗುವಿಗೆ ಹಕಾರವು ಗೊತ್ತಿಲ್ಲವೇ? ಗೊತ್ತಿರಬಹುದು. ಈ ಸೀಮೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರವು ಲೋಪವಾಗುತ್ತದೆ. ಹೋಗು ಎಂಬುದು ಓಗು, ಹುಲಿ ಎಂಬುದು ಉಲಿ. ಹಳಗನ್ನಡದ ಪಾಲು, ಪುಲಿ, ಪೋಗು ಎಂಬ ಶಬ್ದಗಳ ಪಕಾರವು ನಡುಗನ್ನಡದ ಹೊತ್ತಿಗೆ ಹಕಾರವಾದುದನ್ನು ಭಾಷಾಚರಿತ್ರೆಯಲ್ಲಿ ಸಹಜವಾದ ಪರಿಣಾಮವೆಂದು ತರಗತಿಯಲ್ಲಿ ಬೋಧಿಸುವ ಅಧ್ಯಾಪಕನೇ, ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ ಮಗುವಿನ ಮಾತನ್ನು ಅಜ್ಞಾನವೆಂದು ಎಣಿಸುವುದು ವಿಚಿತ್ರ. ಶಾಲೆಯ ಹೆದರಿಕೆಯಿಂದ ಅದೇ ಮಗು ಮರುದಿನ ‘ಅಕ್ಕಿ’ಯನ್ನು ‘ಹಕ್ಕಿ’ಯೆಂದು ಬರೆದೀತು. ಆಗ ಅದು ಎರಡು ತಪ್ಪು ಮಾಡಿದಂತೆ ಪಟ್ಟಿಯಲ್ಲಿ ತೋರುವುದು. ವಾಸ್ತವದಲ್ಲಿ ಅದು ಒಂದು ನಿಯಮವನ್ನು ಊಹಿಸಿ ಅತಿಯಾಗಿ ಅನ್ವಯಿಸಿದೆ; ಇದು ಕಲಿಯುತ್ತಿರುವುದರ ಲಕ್ಷಣವೇ. ಮನೆಯಲ್ಲಿ ತಮಿಳನ್ನಾಡುವ ಮಕ್ಕಳು ಈ ಕಡೆ ಹಲವರು. ತಮಿಳಿನ ಬರಹದಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದುದರಿಂದ ಆ ಮಗು ಗಾಳಿಯನ್ನು ಕಾಳಿಯೆಂದು ಬರೆದರೆ ಅದರ ಕಾರಣ ಬೇರೆ. ಮೊದಲನೆಯ ಮಗುವಿಗೂ ಎರಡನೆಯ ಮಗುವಿಗೂ, ನಿಜವಾಗಿ ಅಕ್ಷರವನ್ನೇ ಕಲಿಯದ ಮೂರನೆಯ ಮಗುವಿಗೂ ಬೇಕಾದ ಪಾಠಗಳು ಮೂರು ವಿಧ. ಅಂಕಪಟ್ಟಿಯಲ್ಲಿ ಮಾತ್ರ ಮೂವರೂ ಐಕಾನ್ಯಿಕರೇ.

ಪಾಣಿನಿಯ ಎಣಿಕೆಯ ಮಿತಿಯೂ ಇಲ್ಲಿ ಕಾಣುತ್ತದೆಯೆಂದು ಒಪ್ಪಬೇಕು. ವೇದಪಾಠದಲ್ಲಿ ಶುದ್ಧಪಾಠವು ಒಂದೇ, ಅದಲ್ಲದುದೆಲ್ಲ ‘ಅನ್ಯ’. ಬದುಕಿರುವ ಭಾಷೆಯಲ್ಲಿ ಹಾಗಲ್ಲ. ಗ್ರಂಥಸ್ಥಭಾಷೆಯನ್ನು ಮಗು ಕಲಿಯಲೇಬೇಕು. ‘ಅಕ್ಕಿ’ಗೂ ‘ಹಕ್ಕಿ’ಗೂ ಭೇದವನ್ನು ಕಾಣಿಸಲಾರದ ಬರಹದಿಂದ ಆ ಮಗುವಿಗೇ ತೊಂದರೆ. ಮನೆಯ ಮಾತಿಗೆ ಮರ್ಯಾದೆ ಕೊಡುವ ನೆಪದಲ್ಲಿ ತಿದ್ದುವುದನ್ನೇ ಬಿಡತಕ್ಕದ್ದೆಂದು ಯಾರಾದರೂ ಹೇಳಿದರೆ ಅದು ದಯೆಯಂತೆ ತೋರುವ ವಂಚನೆ. ಆದರೆ ತಿದ್ದುವುದು ಒಂದು, ಎಣಿಸಿ ಮೇಲಕ್ಕೆ ಕಳುಹಿಸುವುದು ಇನ್ನೊಂದು. ಕಾರಣವನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಹೊತ್ತು ಹೋದ ವರದಿಯಿಂದ ಕೊಳ್ಳೇಗಾಲದ ಕಚೇರಿಗಾಗಲಿ ಬೆಂಗಳೂರಿನ ಕಚೇರಿಗಾಗಲಿ ಆ ಮಗುವಿನ ವಿಷಯ ತಿಳಿಯುವುದಿಲ್ಲ. ಒಂದು ಸೀಮೆಯ ಮಕ್ಕಳೆಲ್ಲ ದಡ್ಡರೆಂಬ ಭ್ರಾಂತಿ ಮಾತ್ರ ಹುಟ್ಟಬಹುದು. ಕೆಂಪುಮಸಿಯ ಗುರುತಿನ ಪಕ್ಕದಲ್ಲಿ ‘ಆಡುಮಾತು’, ‘ಮನೆಮಾತು’, ‘ಅಕ್ಷರ ತಿಳಿಯದು’ ಎಂಬ ಮೂರು ಮಾತುಗಳಲ್ಲಿ ಒಂದನ್ನು ಬರೆಯುವುದಕ್ಕೆ ಹೊಸ ಇಲಾಖೆಯೂ ಹೊಸ ವಹಿಯೂ ಬೇಕಾಗಿಲ್ಲ. ಆ ಮೂರನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಅಧ್ಯಾಪಕನು ಬೇಕು. ಉಪಾಧ್ಯಾಯರ ತರಬೇತಿಯಲ್ಲಿ ಆಯಾ ಸೀಮೆಯ ಆಡುಮಾತಿನ ವ್ಯಾಕರಣಕ್ಕೆ ಒಂದು ವಾರದ ಪಾಠವನ್ನಾದರೂ ಇಡಬೇಕಾದುದು ಇದಕ್ಕಾಗಿಯೇ.

ವರದಿಯು ಮನೆಗೆ ಹೋಗುವ ಬಗೆ ಇನ್ನೂ ಒಂದು ಉಳಿದಿದೆ. ಹಳೆಯ ಮೈಸೂರು ಸೀಮೆಯಲ್ಲಿ ಮಹಾನವಮಿಯ ದಿನಗಳಲ್ಲಿ ಐಗಳು ತಮ್ಮ ಶಿಷ್ಯರನ್ನು ಕೂಡಿಸಿಕೊಂಡು ಮನೆಮನೆಯ ಮುಂದೆ ಚೌಪದಗಳನ್ನು ಹಾಡಿಸುತ್ತಿದ್ದರು. ಮನೆಯವರು ಅಕ್ಕಿಬೇಳೆಯನ್ನೋ ಹಣವನ್ನೋ ಕೊಟ್ಟು ಐಗಳಿಗೆ ಮರ್ಯಾದೆ ಮಾಡುತ್ತಿದ್ದರು. ಇದನ್ನು ಸಂಭಾವನೆ ಎತ್ತುವ ಪದ್ಧತಿಯೆಂದು ಮಾತ್ರ ತಿಳಿಯುವುದು ಸರಿಯಲ್ಲ. ವರ್ಷಕ್ಕೊಮ್ಮೆ ಊರೆಲ್ಲ ತನ್ನ ಮಕ್ಕಳ ನಾಲಗೆ ಎಷ್ಟು ತಿರುಗಿದೆಯೆಂದು ಕಿವಿಯಾರೆ ಕೇಳುತ್ತಿದ್ದಿತು. ಈಗಿನ ಪ್ರಗತಿಪತ್ರವು ಮನೆಗೆ ಹೋಗಿ, ಓದು ಬಾರದ ತಾಯಿಯ ಹೆಬ್ಬೆಟ್ಟಿನ ಗುರುತನ್ನು ಹೊತ್ತು ಮರುದಿನ ಹಿಂದಕ್ಕೆ ಬರುವುದು. ಅದರಲ್ಲಿ ‘ಬಿ’ ಎಂದಿದೆಯೋ ‘ಸಿ’ ಎಂದಿದೆಯೋ ಆಕೆಗೆ ಮಗುವೇ ಓದಿಹೇಳಬೇಕು, ಮಗು ಹೇಳಿದುದೇ ವರದಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವು ಪೋಷಕರನ್ನು ಶಾಲೆಗೆ ಕರೆಸಿ ಮಕ್ಕಳ ಕಲಿಕೆಯನ್ನು ಅವರ ಮುಂದಿಡುವುದಕ್ಕೆಂದು ಏರ್ಪಟ್ಟುದು. ಅಂದು ಅಂಕಗಳ ಪಟ್ಟಿಯನ್ನು ಓದಿ ಸಭೆಯನ್ನು ಮುಗಿಸುವುದಕ್ಕೆ ಬದಲಾಗಿ ಪ್ರತಿಯೊಂದು ಮಗುವಿನಿಂದಲೂ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿಸಿದರೆ, ಕೇಳುವವರು ಅಕ್ಷರ ಬಾರದವರಾದರೂ ಪರೀಕ್ಷಕರಾಗಲು ಅನರ್ಹರಲ್ಲ. ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆಯ ರಾತ್ರಿಗಳಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಹಾಡುವಾಗ, ಕಥೆಯ ಒಂದು ಎಳೆ ಅತ್ತಿತ್ತ ಸರಿದರೆ ಮೊದಲು ತಲೆಯೆತ್ತುವವರು ಕಂಬಳಿ ಹೊದ್ದು ಕೇಳುತ್ತ ಕುಳಿತ ಆ ತಾಯಂದಿರೇ.